ಏನೂ ಆಗಿಲ್ಲದಾಗಲೇ ಶುಗರ್ ಟೆಸ್ಟ್ ಯಾಕೆ?

ಕಲಬುರಗಿಯ ಯಾವುದೇ ಲ್ಯಾಬಿಗೆ ಬೆಳಿಗ್ಗೆ ಏಳೂವರೆಗೆ ಹೋಗಿ ಕುಳಿತುಕೊಳ್ಳಿ. ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಖಾಲಿ ಹೊಟ್ಟೀಲೇ ಬಂದೀನ್ರಿ. ಬರೇ ಚಾ ಕುಡ್ದೀನಿ, ಅಷ್ಟ." ಲ್ಯಾಬಿನವರು ನಕ್ಕು, ನಾಳೆ ಬರ್ರಿ ಅಂತಾರೆ. ನಾಳೆ ಕೆಲವರು ಬರುತ್ತಾರೆ. ಉಳಿದವರು ಬರುವುದು ಎಷ್ಟೋ ವರ್ಷದ ಮೇಲೆ. ಅದೂ ಕಾಲಿನ ಗಾಯ ಮಾಯುತ್ತಿಲ್ಲ ಅಂತಲೋ, ಕಣ್ಣು ಮಂಜಾಗಿದೆ ಅಂತಲೋ.

ಮಧುಮೇಹದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಸಂಗತಿ ಒಂದೇ. ಅದು ನೋಯುವುದಿಲ್ಲ. ಹಲ್ಲು ನೋವು ಬಂದರೆ ರಾತ್ರಿಯಿಡೀ ನಿದ್ದೆ ಇಲ್ಲದೆ ಒದ್ದಾಡಿ ಬೆಳಗಾಗುತ್ತಲೇ ಡಾಕ್ಟರ ಹತ್ತಿರ ಓಡುತ್ತೇವೆ. ರಕ್ತದಲ್ಲಿ ಸಕ್ಕರೆ (ರಿಪೋರ್ಟಿನ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ) 150 ಇರಲಿ, 170 ಇರಲಿ, ಮೈಗೆ ಗೊತ್ತೇ ಆಗುವುದಿಲ್ಲ. ಪದೇ ಪದೇ ಮೂತ್ರ, ಬಾಯಾರಿಕೆ, ತೂಕ ಇಳಿಯುವುದು ಎಂದು ಹೇಳುತ್ತಾರಲ್ಲ, ಅವು ಸಾಮಾನ್ಯವಾಗಿ ಶುರುವಾಗುವುದು ಸಕ್ಕರೆ ಸುಮಾರು 180 ದಾಟಿ ಮೂತ್ರಕ್ಕೆ ಇಳಿಯಲು ಶುರುವಾದ ಮೇಲೆ. ಅದಕ್ಕೂ ಮುಂಚೆ ಮೂತ್ರಪಿಂಡ ಸಕ್ಕರೆಯನ್ನು ಸೋರಲು ಬಿಡದೆ ವಾಪಸ್ ಎಳೆದುಕೊಳ್ಳುತ್ತಿರುತ್ತದೆ. ಇನ್ನು ನಮ್ಮ ಕಡೆ ಬಾಯಾರಿಕೆಯನ್ನು ಲಕ್ಷಣ ಅಂತ ಹಿಡಿಯುವುದೇ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು. ನೀರಡಿಕೆ ಯಾರಿಗಿಲ್ಲ? "ಬ್ಯಾಸಗಿ ಅದ, ಅದಕ್ಕ ನೀರಡಿಸ್ತದ" ಅಂತ ಎರಡು ಬೇಸಿಗೆ ಕಳೆದುಬಿಡುತ್ತವೆ. ಸುಸ್ತಾದರೆ ಹೊಲದ ಕೆಲಸ ಜಾಸ್ತಿಯಾಯಿತು ಅಂತೀವಿ.

ಹೀಗೆ ಕಳೆದ ವರ್ಷಗಳಿಗೆ ಲೆಕ್ಕ ಇದೆ. ಬ್ರಿಟನ್ನಿನಲ್ಲಿ 1977ರಿಂದ 1991ರವರೆಗೆ, ಹೊಸದಾಗಿ ಮಧುಮೇಹ ಪತ್ತೆಯಾದ 5,102 ಜನರನ್ನು ಒಂದು ದೊಡ್ಡ ಅಧ್ಯಯನಕ್ಕೆ ಸೇರಿಸಿಕೊಂಡರು. ಯುಕೆಪಿಡಿಎಸ್ ಅಂತ ಅದರ ಹೆಸರು. "ನಿಮಗೆ ಶುಗರ್ ಇದೆ" ಎಂದು ಮೊದಲ ಸಲ ಕೇಳಿಸಿಕೊಂಡ ಅವರಲ್ಲಿ ಸುಮಾರು ಅರ್ಧ ಜನರ ಕಣ್ಣಲ್ಲೋ, ನರಗಳಲ್ಲೋ, ರಕ್ತನಾಳಗಳಲ್ಲೋ ಹಾನಿಯ ಗುರುತು ಆಗಲೇ ಇತ್ತು. ರೋಗ ಅವತ್ತು ಬಂದದ್ದಲ್ಲ, ಅವತ್ತು ಸಿಕ್ಕಿಬಿತ್ತು ಅಷ್ಟೇ.

ನಮ್ಮ ದೇಶದ ಅಂಕಿ ಇನ್ನೂ ಭಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. 10.1 ಕೋಟಿ ಜನರಿಗೆ ಮಧುಮೇಹ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ, ಅಂದರೆ ಪ್ರಿಡಯಾಬಿಟಿಸ್‌ನಲ್ಲಿ. ಈ ಎರಡನೇ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಳಗೆ ಏನಾಗುತ್ತದೆ

ಉಂಡ ರೊಟ್ಟಿ, ಅನ್ನ, ಬೆಲ್ಲ ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಅದನ್ನು ಸ್ನಾಯು, ಲಿವರ್, ಕೊಬ್ಬಿನ ಜೀವಕೋಶಗಳಿಗೆ ಸಾಗಹಾಕುವುದು ಇನ್ಸುಲಿನ್ ಕೆಲಸ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ.

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ಗಂಜ್ ಮಾರುಕಟ್ಟೆ ನೋಡಿದವರಿಗೆ ಮುಂದಿನದು ಸುಲಭ. ಚೀಲ ಹೊತ್ತ ಲಾರಿಗಳು ಒಂದರ ಹಿಂದೊಂದು ಬರುತ್ತಿವೆ. ಗೋದಾಮು ಆಗಲೇ ಮುಕ್ಕಾಲು ತುಂಬಿದೆ, ಚೀಲ ಒಳಗೆ ತುರುಕುವುದು ಕಷ್ಟ. ಮೊದಲು ನಾಲ್ಕು ಹಮಾಲರು ಇಳಿಸುತ್ತಿದ್ದ ಮಾಲಿಗೆ ಈಗ ಎಂಟು ಜನ ಬೇಕು. ಎಂಟು ಜನ ದುಡಿಯುವವರೆಗೆ ರಸ್ತೆ ಖಾಲಿಯೇ ಕಾಣುತ್ತದೆ, ನೋಡಿದವರಿಗೆ ಎಲ್ಲ ಸರಿಯಿದೆ. ವರ್ಷಗಟ್ಟಲೆ ಹೀಗೆ ದುಡಿದು ಹಮಾಲರು ಒಬ್ಬೊಬ್ಬರೇ ಕೈಬಿಟ್ಟಾಗ ಲಾರಿಗಳು ರಸ್ತೆಯಲ್ಲೇ ನಿಲ್ಲುತ್ತವೆ. ಗೋದಾಮು ತುಂಬಿರುವುದು ಅಂದರೆ ಲಿವರ್, ಸ್ನಾಯುಗಳಲ್ಲಿ ಕೊಬ್ಬು ಸೇರಿ ಇನ್ಸುಲಿನ್ ಮಾತು ನಡೆಯದಿರುವುದು. ಹಮಾಲರು ಕೈಬಿಡುವುದು ಅಂದರೆ ಬೀಟಾ ಕೋಶಗಳು ಸೋಲುವುದು. ರೋಗ ಪತ್ತೆಯಾಗುವ ಹೊತ್ತಿಗೆ ಅವುಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಎಂದು ಅದೇ ಬ್ರಿಟನ್ ಅಧ್ಯಯನ ಕಂಡುಕೊಂಡಿತು.

"ನಾ ಏನ್ ದಪ್ಪ ಇದ್ದೀನಿ, ನನಗ್ಯಾಕ ಶುಗರ್?" ಎನ್ನುವವರು ಬಹಳ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಮಧುಮೇಹ ಬರುತ್ತದೆ. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ, ಈ ಮೈಕಟ್ಟೇ ಅಪಾಯದ್ದು. ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ ದೊಡ್ಡವರಾದ ಮೇಲೆ ಶುಗರ್ ಬರುವ ಸಂಭವ ಜಾಸ್ತಿ ಎನ್ನುವುದೂ ಗೊತ್ತಾಗಿದೆ. ಯಾದಗಿರಿಯಂಥ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಮಕ್ಕಳ ಅಪೌಷ್ಟಿಕತೆ ಹೆಚ್ಚಿರುವ ಊರುಗಳು ಇವು. ಹಸಿವಿನಲ್ಲಿ ಬೆಳೆದ ಹುಡುಗ ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಲು ಹೋಗಿ, ಕೂತು ಮಾಡುವ ಕೆಲಸ ಹಿಡಿದು, ಮೂರು ಹೊತ್ತೂ ಅನ್ನ, ಚಹಾ, ಬಿಸ್ಕತ್ತು ತಿಂದರೆ ಅವನ ಮೈ ತಾಳುವ ಮಿತಿ ಬೇರೆಯವರಿಗಿಂತ ಬೇಗ ಮುಗಿಯುತ್ತದೆ. ಶುಗರ್ ಶ್ರೀಮಂತರ ರೋಗ ಎಂಬ ಹಳೆಯ ಮಾತನ್ನು ಇನ್ನಾದರೂ ಬಿಡೋಣ.

ಸೊಂಟ ಅಳೆದುಕೊಳ್ಳಿ

ಟೆಸ್ಟಿಗೂ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಇದೆ. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಭಾರತೀಯರಿಗಾಗಿಯೇ ಮಾಡಿದ್ದು. ನೋಡುವುದು ನಾಲ್ಕೇ ಸಂಗತಿ: ವಯಸ್ಸು, ಸೊಂಟ, ಮೈಗೆ ಸಿಗುವ ದುಡಿಮೆ, ತಂದೆ-ತಾಯಿಗೆ ಶುಗರ್ ಇದೆಯೋ ಇಲ್ಲವೋ. ಬಟ್ಟೆ ಅಂಗಡಿ ಇಟ್ಟುಕೊಂಡ, 52 ವರ್ಷದ ಒಬ್ಬ ಗಂಡಸರನ್ನು ಊಹಿಸಿಕೊಳ್ಳಿ. ಐವತ್ತು ದಾಟಿದ್ದಕ್ಕೆ 30 ಅಂಕ. ಸೊಂಟ 96 ಸೆಂಟಿಮೀಟರ್, ಅದಕ್ಕೆ 10. ದಿನವಿಡೀ ಗಾದಿಯ ಮೇಲೆ ಕೂತು ವ್ಯಾಪಾರ, ವ್ಯಾಯಾಮ ಇಲ್ಲ, ಅದಕ್ಕೆ 30. ತಾಯಿಗೆ ಶುಗರ್ ಇತ್ತು, ಅದಕ್ಕೆ 10. ಒಟ್ಟು 80. ಅರವತ್ತು ಮುಟ್ಟಿದರೇ ಅಪಾಯ ಜಾಸ್ತಿ ಅಂತ ಲೆಕ್ಕ. ಇವರಿಗೆ ಮೈಯಲ್ಲಿ ಏನೂ ತೊಂದರೆ ಇಲ್ಲದಿರಬಹುದು, ಆದರೂ ಈ ವಾರವೇ ರಕ್ತ ಕೊಡಬೇಕು.

ಸೊಂಟ ಎಂದರೆ ಪ್ಯಾಂಟಿನ ಸೈಜ್ ಅಲ್ಲ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಲೇಬಲ್ ಮೇಲೆ 34 ಇರುತ್ತದೆ, ಹೊಟ್ಟೆ 40 ಇಂಚು ಇರುತ್ತದೆ. ದರ್ಜಿಯ ಟೇಪನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಹೋಗುವವರು ನಾವೇ. ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು. ಹೆಂಗಸರಿಗೆ 80, ಅಂದರೆ ಮೂವತ್ತೊಂದೂವರೆ ಇಂಚು. ಅದರೊಳಗೆ ಇದ್ದರೆ ಒಳ್ಳೆಯದು.

ಯಾವ ಟೆಸ್ಟ್, ಯಾವ ನಂಬರ್

ಖಾಲಿ ಹೊಟ್ಟೆಯ ಟೆಸ್ಟಿಗೆ ಎಂಟು ಗಂಟೆ ಏನೂ ತಿಂದಿರಬಾರದು. ನೀರು ಕುಡಿಯಬಹುದು. ಚಹಾ ಬೇಡ, ಸಕ್ಕರೆ ಇಲ್ಲದ್ದೂ ಬೇಡ. 100ಕ್ಕಿಂತ ಕಡಿಮೆ ಬಂದರೆ ಸರಿ. 100ರಿಂದ 125 ಪ್ರಿಡಯಾಬಿಟಿಸ್. 126 ಮತ್ತು ಮೇಲೆ ಮಧುಮೇಹ. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಟೆಸ್ಟಿನಲ್ಲಿ 140ರಿಂದ 199 ಪ್ರಿಡಯಾಬಿಟಿಸ್, 200 ಮುಟ್ಟಿದರೆ ಮಧುಮೇಹ. ಮೂರನೆಯದು ಎಚ್‌ಬಿಎ1ಸಿ. ಇದಕ್ಕೆ ಉಪವಾಸ ಬೇಕಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ನೋಡಿ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತಾರೆ. ಶೇಕಡಾ 5.7ರಿಂದ 6.4 ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಟೆಸ್ಟಿನ ಹಿಂದಿನ ಎರಡು ದಿನ ಸಿಹಿ ಬಿಟ್ಟು ರಿಪೋರ್ಟನ್ನು ಚಂದ ಮಾಡಿಕೊಳ್ಳುವವರ ಆಟ ಇದರ ಮುಂದೆ ನಡೆಯುವುದಿಲ್ಲ.

ಆದರೆ ಎಚ್‌ಬಿಎ1ಸಿ ಒಂದನ್ನೇ ನಂಬಿ ಕೂರುವ ಹಾಗೂ ಇಲ್ಲ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಕಬ್ಬಿಣದ ಕೊರತೆ ಇದ್ದರೆ ಈ ನಂಬರ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ಬಹಳ ರಕ್ತ ಹೋಗಿದ್ದರೆ ಕಡಿಮೆ ತೋರಿಸಬಹುದು. ಅಂಥವರಿಗೆ ಖಾಲಿ ಹೊಟ್ಟೆಯ ಟೆಸ್ಟೂ ಜೊತೆಗಿರಲಿ, ಹಿಮೋಗ್ಲೋಬಿನ್ ಕೂಡ.

ಇನ್ನೊಂದು ವಿಷಯ ಲ್ಯಾಬಿನವರಿಗೆ ಗೊತ್ತು, ನಮಗೆ ಯಾರೂ ಹೇಳುವುದಿಲ್ಲ. ತೆಗೆದ ರಕ್ತದಲ್ಲಿರುವ ಕಣಗಳು ಟ್ಯೂಬಿನ ಒಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಬಿಸಿಲು ಇದ್ದರೆ ಇನ್ನೂ ಬೇಗ. ಹಳ್ಳಿಯಲ್ಲಿ ರಕ್ತ ತೆಗೆದು, ಬೈಕಿನ ಬ್ಯಾಗಿನಲ್ಲಿ ಹಾಕಿಕೊಂಡು, ಮಧ್ಯಾಹ್ನ ಪೇಟೆಯ ಲ್ಯಾಬಿಗೆ ಮುಟ್ಟಿಸಿದರೆ 130 ಇದ್ದದ್ದು 110 ಅಂತ ಬರಬಹುದು. ಅದಕ್ಕೇ ಶುಗರಿಗೆ ಬೂದು ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರಲ್ಲಿರುವ ಫ್ಲೋರೈಡ್ ಈ ತಿನ್ನುವಿಕೆಯನ್ನು ತಡೆಯುತ್ತದೆ, ಅದೂ ಪೂರ್ತಿಯಾಗಿ ಕೆಲಸ ಶುರು ಮಾಡಲು ಹೊತ್ತು ತೆಗೆದುಕೊಳ್ಳುತ್ತದೆ. ಆದಷ್ಟು ಲ್ಯಾಬ್ ಇರುವ ಕಡೆಯೇ ಹೋಗಿ ರಕ್ತ ಕೊಡಿ.

ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಅನುಮಾನ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು. ಜಾತ್ರೆ, ಶಿಬಿರಗಳಲ್ಲಿ 160 ಬಂತು ಅಂತ ಅಲ್ಲೇ ಗುಳಿಗೆ ಶುರು ಮಾಡಬೇಡಿ. ಲಕ್ಷಣ ಇಲ್ಲದವರಲ್ಲಿ ಮಧುಮೇಹ ಎನ್ನಬೇಕಾದರೆ ಎರಡು ಟೆಸ್ಟಿನ ಫಲಿತಾಂಶ ಹೆಚ್ಚಿರಬೇಕು.

ಹಾನಿ ಎಲ್ಲಿ ಆಗುತ್ತದೆ

ಕಾಲಿನಿಂದ ಶುರು ಮಾಡುತ್ತೇನೆ. ನಮ್ಮ ಭಾಗದಲ್ಲಿ ಅದರ ಕಥೆಯೇ ದೊಡ್ಡದು.

ಸಕ್ಕರೆ ಬಹಳ ವರ್ಷ ಜಾಸ್ತಿ ಇದ್ದರೆ ಮೊದಲು ಸೋಲುವುದು ದೇಹದ ಉದ್ದದ ನರಗಳು. ಅವು ಪಾದಕ್ಕೆ ಹೋಗುವಂಥವು. ಮೊದಮೊದಲು ಜೋಮು, ಉರಿ. ಆಮೇಲೆ ಏನೂ ಇಲ್ಲ. ಉರಿ ನಿಂತಿತು, ಆರಾಮಾಯಿತು ಅಂತ ಜನ ಖುಷಿಪಡುತ್ತಾರೆ, ಅಲ್ವಾ? ಎಷ್ಟೋ ಸಲ ಅದು ಸ್ಪರ್ಶವೇ ಹೋದದ್ದರ ಗುರುತು. ಉಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರನ್ನು ನೆನೆಸಿಕೊಳ್ಳಿ. ಮಾರ್ಚಿನ ಬಿಸಿಲು, ಕಾದ ಡಾಂಬರು, ಬರಿಗಾಲು. ನರ ಚೆನ್ನಾಗಿರುವವನು ಸುಟ್ಟ ಕೂಡಲೇ ಕಾಲೆತ್ತುತ್ತಾನೆ, ನೆರಳು ಹುಡುಕುತ್ತಾನೆ. ನರ ಸತ್ತವನು ನಡೆಯುತ್ತಲೇ ಇರುತ್ತಾನೆ. ಬೊಬ್ಬೆ ಎದ್ದದ್ದು ಸಂಜೆ ಕಾಲು ತೊಳೆಯುವಾಗ ಕಾಣುತ್ತದೆ, ಅದೂ ಕಂಡರೆ. ರಕ್ತ ಓಡಾಟವೂ ಕಡಿಮೆಯಾಗಿರುವ ಕಾಲಿನಲ್ಲಿ ಆ ಹುಣ್ಣು ಮಾಯುವುದಿಲ್ಲ. ಶುಗರಿನಿಂದ ಕಾಲು ತೆಗೆಯುವ ಬಹುತೇಕ ಸಂದರ್ಭಗಳು ಇಂಥದ್ದೇ ಒಂದು ಸಣ್ಣ ಹುಣ್ಣಿನಿಂದ ಶುರುವಾದವು. ಹರಕೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಶುಗರ್ ಇರುವವರು ಹೊರಡುವ ಮುಂಚೆ ಕಾಲು ತೋರಿಸಿಕೊಳ್ಳಲಿ, ಮೆತ್ತನೆಯ ಚಪ್ಪಲಿಯೋ ಶೂವೋ ಹಾಕಲಿ. ಮಲ್ಲಯ್ಯ ಅದಕ್ಕೆ ಮುನಿಯಲಾರ.

ಕಾಲಿನ ತಪಾಸಣೆ ಸುಲಭ. ಡಾಕ್ಟರು ನಿಮ್ಮ ಕಣ್ಣು ಮುಚ್ಚಿಸಿ, ಒಂದು ಗಟ್ಟಿ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಕಡೆ ಬಗ್ಗುವವರೆಗೆ ಒತ್ತುತ್ತಾರೆ. 10 ಗ್ರಾಂ ಒತ್ತಡಕ್ಕೆ ಬಗ್ಗುವ ಎಳೆ ಅದು. ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಬೇಕು. ಗೊತ್ತಾಗದಿದ್ದರೆ ಆ ಕಾಲಿಗೆ ಇನ್ನು ಕಾವಲು ಬೇಕು. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಆಗದ ಅವ್ವ-ಅಪ್ಪನ ಕಾಲನ್ನು ಮನೆಯ ಹುಡುಗರು ನೋಡಲಿ, ಬೆರಳ ಸಂದಿಯನ್ನೂ ಸೇರಿಸಿ.

ಕಣ್ಣಿನದೂ ಇದೇ ಹಾಡು. ಪರದೆಯ ಸಣ್ಣ ರಕ್ತನಾಳಗಳು ಸೋರುತ್ತಿದ್ದರೂ ಓದಲು, ಗಾಡಿ ಓಡಿಸಲು ತೊಂದರೆ ಇರುವುದಿಲ್ಲ. ಮಂಜಾಗುವ ಹೊತ್ತಿಗೆ ಬಹಳ ದೂರ ಹೋಗಿರುತ್ತದೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿಸುವುದು ಬೇರೆ, ಕಣ್ಣಿನ ಪರದೆ ನೋಡುವುದು ಬೇರೆ. ವರ್ಷಕ್ಕೊಮ್ಮೆ ಎರಡನೆಯದು ಆಗಬೇಕು. ಬೇಗ ಸಿಕ್ಕರೆ ಲೇಸರ್, ಇಂಜೆಕ್ಷನ್‌ನಿಂದ ದೃಷ್ಟಿ ಉಳಿಸಿಕೊಳ್ಳಬಹುದು.

ಕಿಡ್ನಿಯ ವಿಷಯದಲ್ಲಿ ಜನ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ನೋಡಿ ನಿಶ್ಚಿಂತೆಯಾಗುತ್ತಾರೆ. ಅದು ಏರಲು ಶುರುವಾಗುವ ಹೊತ್ತಿಗೆ ಕಿಡ್ನಿಯ ಅರ್ಧ ಕೆಲಸ ನಿಂತಿರಬಹುದು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸ್ವಲ್ಪ ಸ್ವಲ್ಪ ಸೋರುತ್ತಿದೆಯಾ ಎಂದು ನೋಡುವ ಟೆಸ್ಟ್ ಎಷ್ಟೋ ವರ್ಷ ಮುಂಚೆಯೇ ಸುಳಿವು ಕೊಡುತ್ತದೆ. ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಹೃದಯದ ಬಗ್ಗೆ ಒಂದೇ ಮಾತು. ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಸುಮ್ನೆ ಬೆವರು, ಏದುಸಿರು, ಹೊಟ್ಟೆ ತೊಳಸು. ಗ್ಯಾಸ್ ಆಗಿದೆ ಅಂತ ಸೋಡಾ ಕುಡಿದು ಮಲಗಬೇಡಿ. ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ.

ಸೋಂಕುಗಳನ್ನು ಜನ ಮರೆಯುತ್ತಾರೆ. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು-ಮೂರು ಪಟ್ಟು. 2021ರಲ್ಲಿ ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರದಲ್ಲಿ ಕಣ್ಣು ಕಳೆದುಕೊಂಡವರಲ್ಲಿ ಹೆಚ್ಚಿನವರು ಮಧುಮೇಹ ಇದ್ದವರೇ. ಕೆಲವರಿಗೆ ಶುಗರ್ ಇರುವುದು ಗೊತ್ತಾದದ್ದೇ ಆಗ.

ಬೇಗ ಸಿಕ್ಕರೆ ಏನು ಲಾಭ?

ಇದು ನ್ಯಾಯವಾದ ಪ್ರಶ್ನೆ. "ಗೊತ್ತಾಗಿ ಏನ್ ಮಾಡೂದದ ರೀ, ಟೆನ್ಶನ್ ಅಷ್ಟ" ಅನ್ನುವವರು ಇದ್ದಾರೆ. ಅವರಿಗೆ ಅದೇ ಬ್ರಿಟನ್ ಅಧ್ಯಯನದ ಎರಡನೇ ಭಾಗ ಉತ್ತರ ಕೊಡುತ್ತದೆ. ಆರಂಭದಿಂದಲೇ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಿಗೆ ಕಣ್ಣು, ಕಿಡ್ನಿಯ ತೊಂದರೆಗಳು ಶೇಕಡಾ 25 ಕಡಿಮೆಯಾದವು. 1997ರಲ್ಲಿ ಪ್ರಯೋಗ ಮುಗಿಯಿತು. ವರ್ಷದೊಳಗೆ ಎರಡೂ ಗುಂಪಿನ ಸಕ್ಕರೆ ಒಂದೇ ಮಟ್ಟಕ್ಕೆ ಬಂತು. ಆದರೂ ಹತ್ತು ವರ್ಷದ ಮೇಲೆ ನೋಡಿದಾಗ, ಮೊದಲು ಬಿಗಿ ಹಿಡಿದಿದ್ದ ಗುಂಪಿನಲ್ಲಿ ಹಾರ್ಟ್ ಅಟ್ಯಾಕ್ ಮತ್ತು ಸಾವು ಕಡಿಮೆಯೇ ಇದ್ದವು. 2008ರಲ್ಲಿ ಇದು ಪ್ರಕಟವಾಯಿತು. ಮೊದಲ ವರ್ಷಗಳಲ್ಲಿ ಪಟ್ಟ ಕಷ್ಟವನ್ನು ದೇಹ ಬಹುಕಾಲ ನೆನಪಿಡುತ್ತದೆ. ತಡವಾಗಿ ಶುರು ಮಾಡಿದವರಿಗೆ ಅದೇ ಪ್ರಮಾಣದ ಲಾಭ ಸಿಗುವುದು ಕಷ್ಟ.

ಹೊಸ್ತಿಲಲ್ಲಿರುವ ಆ 13.6 ಕೋಟಿ ಜನಕ್ಕೆ ಇನ್ನೂ ದೊಡ್ಡ ಅವಕಾಶ. ಅಮೆರಿಕದಲ್ಲಿ 2002ರಲ್ಲಿ ಬಂದ ಅಧ್ಯಯನದಲ್ಲಿ ಶೇಕಡಾ 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಕೊಟ್ಟವರಲ್ಲಿ ಮಧುಮೇಹಕ್ಕೆ ಜಾರುವುದು ಶೇಕಡಾ 58 ಕಡಿಮೆಯಾಯಿತು. ಚೆನ್ನೈನಲ್ಲಿ ನಡೆದ ಇಂಥದ್ದೇ ಅಧ್ಯಯನದಲ್ಲಿ ಲಾಭ ಶೇಕಡಾ 28ರ ಆಸುಪಾಸು. ನಮ್ಮ ಮೈಗೆ ಲಾಭ ಕಡಿಮೆ ಸಿಕ್ಕಿತು ನಿಜ. ಮಧುಮೇಹಕ್ಕೆ ಜಾರಬೇಕಿದ್ದ ಮೂರೂವರೆ ಜನರಲ್ಲಿ ಒಬ್ಬ ತಪ್ಪಿಸಿಕೊಂಡ ಎಂದರೂ ಅದು ಸಣ್ಣದೇನಲ್ಲ.

ಊಟದ ಮಾತು ಬಂದರೆ ನಮ್ಮವರು ಜೋಳದ ರೊಟ್ಟಿಯನ್ನು ಔಷಧಿ ಅಂತಲೇ ತಿಳಿದಿದ್ದಾರೆ. ಪಾಲಿಶ್ ಅಕ್ಕಿಯ ಅನ್ನಕ್ಕಿಂತ ಒಳ್ಳೆಯದೇ, ನಾರೂ ಇದೆ. ಆದರೆ 100 ಗ್ರಾಂ ಜೋಳದಲ್ಲಿ 70 ಗ್ರಾಂ ಹತ್ತಿರ ಶರ್ಕರಪಿಷ್ಟವೇ (ಕಾರ್ಬೋಹೈಡ್ರೇಟ್). ನಾಲ್ಕು ರೊಟ್ಟಿ ಮೇಲೆ ಅನ್ನ-ಸಾರು ಬಡಿಸಿಕೊಂಡರೆ ಜೋಳ ಏನು ಮಾಡೀತು ಪಾಪ. ಎರಡು ರೊಟ್ಟಿ, ಅದರ ಜೊತೆ ಪುಂಡಿ ಪಲ್ಯ, ಗಟ್ಟಿ ತೊಗರಿ ಬೇಳೆ, ಕಾಳು, ಸೌತೆಕಾಯಿ ಜಾಸ್ತಿ ಆದರೆ ಅದು ಊಟ. ಬೆಲ್ಲಕ್ಕೆ ರಿಯಾಯಿತಿ ಕೊಡಬೇಡಿ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಸಕ್ಕರೆ ಇಳಿಯುವುದೂ ಅಪಾಯ

ಗುಳಿಗೆ ಶುರುವಾದವರಿಗೆ ಇನ್ನೊಂದು ಭಯ ಗೊತ್ತಿರಬೇಕು. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಬುತ್ತಿ ಬಿಚ್ಚುವ ಮೊದಲೇ ಬಿಸಿಲಲ್ಲಿ ಎರಡು ಗಂಟೆ ದುಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಕ, ತಣ್ಣನೆಯ ಬೆವರು, ಮಾತು ತಪ್ಪುವುದು. ಎಚ್ಚರ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ರೋಜಾ ಹಿಡಿಯುವವರು, ಶ್ರಾವಣದಲ್ಲಿ ಒಪ್ಪತ್ತು ಮಾಡುವವರು ಒಂದೆರಡು ತಿಂಗಳ ಮುಂಚೆಯೇ ಡಾಕ್ಟರ ಹತ್ತಿರ ಗುಳಿಗೆಯ ಹೊತ್ತು, ಅಳತೆ ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಶುಗರ್ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ ಎಂದು ಬಹಳಷ್ಟು ಧರ್ಮಗುರುಗಳೇ ಹೇಳಿದ್ದಾರೆ.

ಎಲ್ಲಿ ಮಾಡಿಸುವುದು, ಯಾರು ಮಾಡಿಸುವುದು

ಸರಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಎಲ್ಲರಿಗೂ ಶುಗರ್, ಬಿಪಿ ತಪಾಸಣೆ ಉಚಿತ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರ, ನಗರದ ನಮ್ಮ ಕ್ಲಿನಿಕ್, ಇಲ್ಲೆಲ್ಲ ಆಗುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಫಾರಂ ಹಿಡಿದು ಬಂದು ಸೊಂಟ ಅಳೆದರೆ ನಾಚಿಕೊಂಡು ಕಳಿಸಬೇಡಿ. ಮೇಲೆ ಹೇಳಿದ ಲೆಕ್ಕದಂಥದ್ದೇ ಅವರೂ ಮಾಡುತ್ತಿರುತ್ತಾರೆ. ಮುಂದಿನ ಹಂತಕ್ಕೆ ಸರಕಾರಿ ಮೆಡಿಕಲ್ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಇವೆ. ಫಲಿತಾಂಶ ಸರಿಯಿದ್ದವರು ಮೂರು ವರ್ಷಕ್ಕೊಮ್ಮೆಯಾದರೂ, ಹೊಸ್ತಿಲಲ್ಲಿರುವವರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು.

ಗರ್ಭಿಣಿಯರಿಗೆ ಮೊದಲ ತಪಾಸಣೆಯಲ್ಲೇ, ಮತ್ತೆ 24ರಿಂದ 28ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಎರಡು ಗಂಟೆಯ ಮೇಲೆ 140 ಮುಟ್ಟಿದರೆ ಚಿಕಿತ್ಸೆ. ಹೆರಿಗೆಯಾದ ಕೂಡಲೇ ಸಕ್ಕರೆ ಸಾಮಾನ್ಯವಾಗಿ ಇಳಿಯುತ್ತದೆ, ಆಮೇಲೆ ಎಲ್ಲರೂ ಮರೆತುಬಿಡುತ್ತಾರೆ. ಬಾಣಂತನಕ್ಕೆ ತವರಿಗೆ ಹೋದ ಹೆಣ್ಣುಮಗಳಿಗೆ ಆರು ವಾರದ ಮೇಲಿನ ಟೆಸ್ಟನ್ನು ನೆನಪಿಸುವವರೇ ಇರುವುದಿಲ್ಲ. ಅವಳಿಗೆ ಮುಂದೆ ಮಧುಮೇಹ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಕೂಸಿನ ಲಸಿಕೆಗೆ ಆರನೇ ವಾರ ಆರೋಗ್ಯ ಕೇಂದ್ರಕ್ಕೆ ಹೋಗಿಯೇ ಹೋಗುತ್ತೀರಿ. ಅದೇ ದಿನ ತಾಯಿಯದೂ ಮಾಡಿಸಿಬಿಡಿ.

ಮನೆಯಲ್ಲಿ ಒಬ್ಬರಿಗೆ ಶುಗರ್ ಸಿಕ್ಕರೆ ಅಣ್ಣ-ತಮ್ಮ, ಅಕ್ಕ-ತಂಗಿಯರು, ದೊಡ್ಡ ಮಕ್ಕಳು ಕೂಡ ರಕ್ತ ಕೊಡಬೇಕು. ಮಕ್ಕಳು ಪುಣೆ, ಮುಂಬೈ, ಬೆಂಗಳೂರಲ್ಲಿ ದುಡಿಯುತ್ತಿದ್ದರೆ ಅಲ್ಲಿನ ಸರಕಾರಿ ದವಾಖಾನೆಯಲ್ಲೇ ಆಗುತ್ತದೆ, ಊರಿಗೆ ಬರುವವರೆಗೆ ಕಾಯುವುದು ಬೇಡ. ರಿಪೋರ್ಟು, ಗುಳಿಗೆ ಚೀಟಿ ಎರಡರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಲಿ. ಕೆಲಸದ ಊರು ಬದಲಾದಾಗ ಹೊಸ ಡಾಕ್ಟರು ಮೊದಲು ಕೇಳುವುದೇ ಹಳೆಯ ನಂಬರ್ ಎಷ್ಟಿತ್ತು, ಯಾವ ಗುಳಿಗೆ ನಡೀತಿತ್ತು ಅಂತ.